ಹತ್ತರಲ್ಲೇ ಇರುವುದೋ, ಹನ್ನೊಂದಕ್ಕೆ ಹೋಗುವುದೋ?

"ಹೋಯ್, ಇದ್ಕೆ ಹನ್ನೊಂದ್ ಹಾಕುಕೆ ಆತ್ತಾ?"

ಕುಂದಾಪುರದ ಕಂಪ್ಯೂಟರ್ ಅಂಗಡಿಗಳಿಗೆ ಹಳೆಯ ಸಿಪಿಯು ಹೊತ್ತು ತಂದವರು ಕೇಳುವ ಪ್ರಶ್ನೆ ಇದು. ಹನ್ನೊಂದು ಎಂದರೆ ವಿಂಡೋಸ್ 11. ಉತ್ತರವೂ ಎರಡೇ ಬಗೆ: "ಆತ್ತ್, ಸಂಜೆ ಬನ್ನಿ" ಅಥವಾ "ಆತಿಲ್ಲೆ, ಹೊಸ್ದೇ ತಕಣಿ." ಎರಡೂ ಯಂತ್ರದ ಯೋಗ್ಯತೆಯ ಕುರಿತ ಉತ್ತರಗಳು. ಆ ಯಂತ್ರದಲ್ಲಿ ನಡೆಯುವ ಕೆಲಸ ಏನು, ಅದಕ್ಕೆ ಯಾವ ಪ್ರಿಂಟರ್ ಅಂಟಿಕೊಂಡಿದೆ, ಹತ್ತು ವರ್ಷದ ಕನ್ನಡ ಕಡತಗಳು ಯಾವ ಅಕ್ಷರದಲ್ಲಿ ಕೂತಿವೆ ಎಂಬುದನ್ನು ಯಾರೂ ಕೇಳುವುದಿಲ್ಲ. ತೀರ್ಮಾನ ಆಗಬೇಕಾದದ್ದು ಅಲ್ಲಿಂದ.

ಮೊದಲು ದಿನಾಂಕದ ವಿಷಯ ಮುಗಿಸೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಮರುದಿನ ಯಾರ ಕಂಪ್ಯೂಟರೂ ನಿಂತುಹೋಗಲಿಲ್ಲ. ಕಡತಗಳು ಇದ್ದಲ್ಲೇ ಇದ್ದವು, ಟ್ಯಾಲಿ ತೆರೆಯಿತು, ಯೂಟ್ಯೂಬ್‌ನಲ್ಲಿ ಯಕ್ಷಗಾನ ಓಡಿತು. ನಿಂತದ್ದು ತಿಂಗಳಿಗೊಮ್ಮೆ ಬರುತ್ತಿದ್ದ ತೇಪೆ. ವಿಂಡೋಸ್ ಒಳಗೆ ಹೊಸದಾಗಿ ಪತ್ತೆಯಾಗುವ ತೂತುಗಳು ಇನ್ನು ಹಾಗೆಯೇ ಉಳಿಯುತ್ತವೆ. 2017ರ ಮೇ ತಿಂಗಳಲ್ಲಿ ಹಬ್ಬಿದ ವಾನ್ನಕ್ರೈ ಕುತಂತ್ರಾಂಶ ನೆನಪಿದೆಯಲ್ಲ? ಆಂಧ್ರದ ಪೊಲೀಸ್ ಠಾಣೆಗಳ ಕಂಪ್ಯೂಟರ್‌ಗಳನ್ನೂ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಒಟ್ಟಿಗೇ ಹಿಡಿದುಕೊಂಡಿತ್ತು. ಅದು ನುಗ್ಗಿದ ತೂತಿಗೆ ತೇಪೆ ಆ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಮತ್ತು ತೇಪೆಯೇ ಸಿಗದ ಹಳೆಯ ಆವೃತ್ತಿಯವರು ಸಿಕ್ಕಿಬಿದ್ದರು.

"ಆಂಟಿವೈರಸ್ ಇದೆಯಲ್ಲ" ಎಂದು ಸಮಾಧಾನಪಟ್ಟುಕೊಳ್ಳುವವರಿದ್ದಾರೆ. ವಿಂಡೋಸ್‌ನ ಸ್ವಂತ ಡಿಫೆಂಡರ್‌ಗೆ 2028ರ ಅಕ್ಟೋಬರ್‌ವರೆಗೂ ಹೊಸ ವೈರಸ್‌ಗಳ ಗುರುತು ಬರುತ್ತಿರುತ್ತದೆ, ನಿಜ. ಆದರೆ ಅದು ಒಳಗೆ ಬಂದವನನ್ನು ಹಿಡಿಯುವ ಕೆಲಸ. ತೂತು ಮುಚ್ಚುವ ಕೆಲಸ ಅಲ್ಲ.

ಯಾರ ಯಂತ್ರ, ಯಾವ ಕೆಲಸ

ಕುಂದಾಪುರದ ಕೋಡಿಯಂಥ ಊರಿನಲ್ಲೇ ಮೂರು ಕಂಪ್ಯೂಟರ್‌ಗಳನ್ನು ಊಹಿಸಿಕೊಳ್ಳಿ. ಒಂದು, ನಿವೃತ್ತ ಮೇಷ್ಟ್ರ ಮನೆಯದು: ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಕ್ಕಳೊಂದಿಗೆ ವಿಡಿಯೋ ಕರೆ, ಪತ್ರಿಕೆ ಓದು, ವರ್ಷಕ್ಕೊಮ್ಮೆ ಆದಾಯ ತೆರಿಗೆ. ಎರಡು, ರಸ್ತೆಬದಿಯ ಆನ್‌ಲೈನ್ ಸೇವೆಯ ಅಂಗಡಿ: ಆಧಾರ್, ಆರ್‌ಟಿಸಿ, ಸೇವಾಸಿಂಧು ಅರ್ಜಿ, ಕರೆಂಟ್ ಬಿಲ್ಲು, ಸ್ಕಾಲರ್‌ಶಿಪ್. ಮೂರು, ಮದುವೆ ಕಾಗದವೂ ಮೇಳದ ಹ್ಯಾಂಡ್‌ಬಿಲ್ಲೂ ಬ್ರಹ್ಮಕಲಶೋತ್ಸವದ ಆಮಂತ್ರಣವೂ ತಯಾರಾಗುವ ಡಿಟಿಪಿ ಮತ್ತು ಪ್ರಿಂಟಿಂಗ್ ಪ್ರೆಸ್ಸು.

ಮೊದಲು ಬದಲಾಗಬೇಕಾದದ್ದು ಎರಡನೆಯದು. ಇದರಲ್ಲಿ ನನಗೆ ಅನುಮಾನವಿಲ್ಲ. ಆ ಯಂತ್ರದ ಡೌನ್‌ಲೋಡ್ ಫೋಲ್ಡರ್ ತೆರೆದರೆ ಊರವರ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ, ಸಹಿ ಎಲ್ಲ ಇರುತ್ತದೆ. ಅಲ್ಲಿ ತೇಪೆಯಿಲ್ಲದ ವಿಂಡೋಸ್ ಇದ್ದರೆ ಹಾನಿ ಅಂಗಡಿಯವನೊಬ್ಬನಿಗಲ್ಲ. ಅಂಗಡಿಯವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ವಿಂಡೋಸ್ 11 ಬೇಕಾಗಿಲ್ಲ: ಕೆಲಸ ಮುಗಿದ ಗಿರಾಕಿಯ ಕಡತಗಳನ್ನು ಅಳಿಸುವುದು, ರಿಸೈಕಲ್ ಬಿನ್ ಕೂಡ ಖಾಲಿ ಮಾಡುವುದು.

ಮೇಷ್ಟ್ರ ಮನೆಯದು ನಡುವಿನದು. ನೆಟ್ ಬ್ಯಾಂಕಿಂಗ್ ಇದ್ದರೆ ಬದಲಿಸಬೇಕು, ಆದರೆ ನಾಳೆಯೇ ಎಂದು ಓಡಬೇಕಾಗಿಲ್ಲ. ಪ್ರೆಸ್ಸಿನದು ಬೇರೆಯೇ ಕತೆ.

ಯಂತ್ರ ತಾಳುತ್ತದೆಯೇ?

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಅದು ಕೇಳುವ ಕನಿಷ್ಠ ಸಾಮರ್ಥ್ಯ ಕಾಗದದ ಮೇಲೆ ದೊಡ್ಡದಲ್ಲ: 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0. ತಡೆಯುವುದು ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದು ಅಥವಾ ನಂತರದ್ದು, ಎಎಂಡಿ ಆದರೆ ರೈಜನ್ 2000 ಸರಣಿಯದು ಅಥವಾ ನಂತರದ್ದು ಬೇಕು. ಅಂದರೆ ಸುಮಾರು 2018ಕ್ಕಿಂತ ಹಿಂದೆ ಕೊಂಡ ಯಂತ್ರಗಳು ಹೊರಗುಳಿದವು.

ನಿಮ್ಮದು ಯಾವುದು ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ತೆರೆಯಿರಿ. ಪ್ರೊಸೆಸರ್ ಎಂದಿರುವ ಸಾಲಿನಲ್ಲಿ ಐ3-7100 ಎಂದಿದ್ದರೆ ಅಡ್ಡಗೆರೆಯ ನಂತರದ 7 ಎಂದರೆ ಏಳನೆಯ ತಲೆಮಾರು, ಆಗುವುದಿಲ್ಲ. ಐ5-8250 ಎಂದಿದ್ದರೆ ಎಂಟನೆಯದು, ಆಗುತ್ತದೆ. ಐ5-10210 ಎಂದಿದ್ದರೆ ಹತ್ತನೆಯದು. ಪೆಂಟಿಯಂ, ಸೆಲೆರಾನ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲ; ಅವಕ್ಕೆ ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಇಳಿಸಿಕೊಂಡು ಕೇಳಿ. ಪ್ರೊಸೆಸರ್ ಸರಿಯಿದ್ದೂ ಟಿಪಿಎಂ ಇಲ್ಲ ಎಂದು ಅದು ಹೇಳಿದರೆ ಗಾಬರಿ ಬೇಡ. ಅನೇಕ ಯಂತ್ರಗಳಲ್ಲಿ ಅದು ಬಯಾಸ್‌ನೊಳಗೆ ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ.

ಕಂಪನಿಗಳು ಹೊರಹಾಕಿದ ಯಂತ್ರಗಳನ್ನು ಒರೆಸಿ ಮಾರುವ ರಿಫರ್ಬಿಶ್ಡ್ ವ್ಯಾಪಾರದ ಬಗ್ಗೆ ಇಲ್ಲಿ ಒಂದು ಮಾತು. "ವಿಂಡೋಸ್ 11 ಹಾಕಿದ್ದು" ಎಂದು ಚೀಟಿ ಅಂಟಿಸಿದ್ದರೂ ಪ್ರೊಸೆಸರ್ ಸಂಖ್ಯೆ ನೋಡದೆ ದುಡ್ಡು ಕೊಡಬೇಡಿ. ರೂಫಸ್‌ನಂಥ ಸಾಧನದಿಂದ ತಪಾಸಣೆ ತಪ್ಪಿಸಿ ನಾಲ್ಕನೆಯ ತಲೆಮಾರಿನ ಯಂತ್ರಕ್ಕೂ ಹನ್ನೊಂದನ್ನು ಕೂರಿಸಬಹುದು, ಕೂರುತ್ತದೆ, ಓಡುತ್ತದೆ. ಆದರೆ ಅಂಥ ಯಂತ್ರಕ್ಕೆ ತೇಪೆಗಳ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ, ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದೂ ಇಲ್ಲ. ತೇಪೆಗಾಗಿಯೇ ಹತ್ತು ಬಿಟ್ಟು ಹೊರಟವನು ಅದೇ ಇಲ್ಲದ ಹನ್ನೊಂದಕ್ಕೆ ಹೋಗುವುದರಲ್ಲಿ ಅರ್ಥವಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್‌ಗೂ ಇದೇ ಮಾತು. ಬೀಗ ಒಡೆಯಲು ಓಡಿಸುವ ಆ ಪುಟ್ಟ ಪ್ರೋಗ್ರಾಮನ್ನು ಯಾರು ಬರೆದದ್ದು, ಬೀಗ ಒಡೆಯುವುದರ ಜೊತೆಗೆ ಅದು ಇನ್ನೇನು ಮಾಡುತ್ತದೆ ಎಂಬುದು ಹಾಕಿಕೊಟ್ಟ ಹುಡುಗನಿಗೂ ಗೊತ್ತಿರುವುದಿಲ್ಲ.

4 ಜಿಬಿ ರ‍್ಯಾಮ್ ಸಾಕು ಎಂಬುದನ್ನು ನಂಬಬೇಡಿ. 8 ಇಲ್ಲದೆ ಹನ್ನೊಂದಕ್ಕೆ ಹೋದವರು ನನ್ನ ಕಿವಿಗೆ ಬೇಕಾದಷ್ಟು ದೂರು ಹಾಕಿದ್ದಾರೆ. ಹಾರ್ಡ್ ಡಿಸ್ಕ್ ಇನ್ನೂ ತಿರುಗುವ ತಟ್ಟೆಯದಾಗಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. "ಕಂಪ್ಯೂಟರ್ ಸ್ಲೋ" ಎಂಬ ಕಾರಣಕ್ಕೆ ವಿಂಡೋಸ್ ಬದಲಿಸಲು ಹೊರಟವರಲ್ಲಿ ಹೆಚ್ಚಿನವರಿಗೆ ನಿಜವಾಗಿ ಬೇಕಿದ್ದದ್ದು ಅಷ್ಟೇ.

ಕಡಲ ಬದಿಯ ಯಂತ್ರಗಳಿಗೆ ಇನ್ನೊಂದು ಪರೀಕ್ಷೆ ಉಂಟು. ಒಂದು ಕಡೆ ಕಡಲು, ಇನ್ನೊಂದು ಕಡೆ ಪಂಚಗಂಗಾವಳಿಯ ಅಳಿವೆ. ಕೋಡಿಯ ಗಾಳಿಯಲ್ಲಿ ಉಪ್ಪು ಯಾವಾಗಲೂ ಇದೆ. ಕಿಟಕಿಯ ಸರಳಿಗೆ ಆಗುವುದೇ ಫ್ಯಾನಿನ ಸ್ಕ್ರೂ, ರ‍್ಯಾಮ್‌ನ ಹಲ್ಲು, ಯುಎಸ್‌ಬಿ ತೂತುಗಳಿಗೂ ಆಗುತ್ತದೆ. ಅಪ್‌ಗ್ರೇಡ್ ಎಂದರೆ ಡಿಸ್ಕಿನ ಮೇಲೆ ಒಂದೆರಡು ಗಂಟೆ ಬಿಡುವಿಲ್ಲದ ಹೊರೆ. ಬಳಲಿದ ಡಿಸ್ಕ್ ಉಸಿರು ಬಿಡುವುದು ಅಂಥ ಹೊತ್ತಿನಲ್ಲೇ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮ್ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ನೀಲಿಯಿದ್ದರೆ ಮುಂದುವರಿಯಿರಿ, ಹಳದಿಯೋ ಕೆಂಪೋ ಕಂಡರೆ ವಿಂಡೋಸ್ ಮಾತು ಬಿಟ್ಟು ಕಡತಗಳನ್ನು ಹೊರಗೆ ತೆಗೆಯಿರಿ.

ಕನ್ನಡದ ಕಡತಗಳು

ಹೊರಗಿನ ಮಾರ್ಗದರ್ಶಿಗಳಲ್ಲಿ ಕಾಣದ ತೊಡಕು ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಕಚೇರಿ, ಶಾಲೆ, ಪ್ರೆಸ್ಸುಗಳ ಹಳೆಯ ಕನ್ನಡ ಕಡತಗಳಲ್ಲಿ ದೊಡ್ಡ ಪಾಲು ಯೂನಿಕೋಡ್‌ನಲ್ಲಿಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿದೆ. ಅಲ್ಲಿ ಕಂಪ್ಯೂಟರಿನ ಪಾಲಿಗೆ ಕಡತದಲ್ಲಿರುವುದು ಇಂಗ್ಲಿಷಿನ ಮತ್ತು ಯುರೋಪಿನ ಚಿಹ್ನೆಗಳು. ಫಾಂಟ್ ಆ ಚಿಹ್ನೆಗಳಿಗೆ ಕನ್ನಡದ ಚಿತ್ರ ತೊಡಿಸುತ್ತದೆ. ಫಾಂಟ್ ಹೋದರೆ ಹತ್ತು ವರ್ಷದ ಮಹಾಸಭೆಯ ನಡವಳಿ ಅರ್ಥವಿಲ್ಲದ ಗೀಚಾಗಿ ನಿಲ್ಲುತ್ತದೆ. ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿಸಿಕೊಂಡ ಮರುದಿನ "ಫೈಲ್ ಎಲ್ಲ ಹಾಳಾಯ್ತು ಮಾರಾಯ್ರೆ" ಎಂಬ ಫೋನು ಬರುವುದು ಇದಕ್ಕೇ. ಹಾಳಾಗಿಲ್ಲ, ಫಾಂಟ್ ಮಾತ್ರ ಹೋಗಿದೆ. ಆದ್ದರಿಂದ ಯಂತ್ರ ಅಂಗಡಿಗೆ ಕೊಡುವ ಮೊದಲು ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಆ ಫಾಂಟ್‌ಗಳು ಹನ್ನೊಂದರಲ್ಲೂ ಕೂರುತ್ತವೆ.

ಟೈಪಿಂಗ್‌ನದು ಇನ್ನೊಂದು ಪ್ರಶ್ನೆ. ವಿಂಡೋಸ್ ತನ್ನೊಳಗೇ ಎರಡು ಕನ್ನಡ ಕೀಲಿಮಣೆ ಕೊಡುತ್ತದೆ: ಇನ್‌ಸ್ಕ್ರಿಪ್ಟ್ ಮತ್ತು 2019ರಿಂದ ಫೊನೆಟಿಕ್. ಆದರೆ ಬಹುಪಾಲು ಕನ್ನಡದ ಬೆರಳುಗಳಿಗೆ ರೂಢಿಯಾಗಿರುವುದು ನುಡಿಯಲ್ಲಿರುವ, ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಕಿನ್ನಿಕಂಬಳದ ರಾವ್ ನಮ್ಮ ಕರಾವಳಿಯವರೇ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಅವರು ತಯಾರಿಸಿದ 'ಸೇಡಿಯಾಪು' ತಂತ್ರಾಂಶದ ಮೂಲಕ ಕಂಪ್ಯೂಟರಿನಲ್ಲಿ ಕನ್ನಡ ಕಂಡವರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಆ ವಿನ್ಯಾಸ ವಿಂಡೋಸ್‌ನ ಜೊತೆಗೆ ಬರುವುದಿಲ್ಲ, ನುಡಿಯನ್ನೋ 'ಪದ'ವನ್ನೋ ಬೇರೆಯಾಗಿ ಹಾಕಿಕೊಳ್ಳಬೇಕು. ಅದರ ಸೆಟಪ್ ಕಡತ ನಿಮ್ಮ ಕೈಯಲ್ಲಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸಲು ಉಚಿತ ಪರಿವರ್ತಕಗಳು ಜಾಲದಲ್ಲಿವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವುವುದರಿಂದ ಹೆಸರು, ಸರ್ವೆ ನಂಬರ್, ಮೊತ್ತ ಇರುವ ದಾಖಲೆಗಳನ್ನು ಬದಲಿಸಿದ ಮೇಲೆ ಕಣ್ಣಿಟ್ಟು ಓದಲೇಬೇಕು.

ಇನ್ನು ಪ್ರೆಸ್ಸು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಕೈಬಿಟ್ಟು ಎರಡು ದಶಕ ಕಳೆದರೂ ಕರ್ನಾಟಕದ ಸಣ್ಣ ಪ್ರೆಸ್ಸುಗಳು ಬಿಟ್ಟಿಲ್ಲ, ಅದು ಯೂನಿಕೋಡ್ ಅರಿಯದು ಎಂದು ಗೊತ್ತಿದ್ದೂ. ನೂರಾರು ಮದುವೆ ಕಾಗದದ ಮಾದರಿಗಳು ಅದರಲ್ಲೇ ಇವೆಯಲ್ಲ. ಜೊತೆಗೆ ಕೆಲವರಲ್ಲಿ ಶ್ರೀಲಿಪಿಯ ಬೀಗದ ಡಾಂಗಲ್, ಪ್ಯಾರಲಲ್ ಪೋರ್ಟಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಒಂದು ಹಳೆಯ ಸ್ಕ್ಯಾನರ್. ಇಲ್ಲಿ ನೆನಪಿಡಬೇಕಾದದ್ದು: ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. 32-ಬಿಟ್ ಪ್ರೋಗ್ರಾಮುಗಳು ಓಡುತ್ತವೆ. 32-ಬಿಟ್ ಡ್ರೈವರುಗಳು ಮತ್ತು ಡಾಸ್ ಕಾಲದ ಲೆಕ್ಕದ ಪ್ರೋಗ್ರಾಮುಗಳು ಓಡುವುದಿಲ್ಲ. ಸಾಲದ್ದಕ್ಕೆ ಹೊಸದಾಗಿ ಹಾಕಿದ ಹನ್ನೊಂದರಲ್ಲಿ 'ಮೆಮರಿ ಇಂಟೆಗ್ರಿಟಿ' ಎಂಬ ಕಾವಲು ಇದ್ದು, ಹಳೆಯ ಡಾಂಗಲ್ಲಿನ ಡ್ರೈವರನ್ನು ಅದು ತಡೆಯಬಹುದು. ಕಾವಲು ಆಫ್ ಮಾಡಿದರೆ ಆಯ್ತು ಎಂದು ಸಲಹೆ ಕೊಡುವವರಿದ್ದಾರೆ. ನಾನು ಕೊಡುವುದಿಲ್ಲ.

ಪ್ರೆಸ್ಸಿನವರಿಗೆ ನನ್ನ ಮಾತು ಬೇರೆ: ಆ ಯಂತ್ರವನ್ನು ಮುಟ್ಟಲೇ ಬೇಡಿ. ಇಂಟರ್‌ನೆಟ್ಟಿನ ವಯರ್ ಕಿತ್ತು, ವೈಫೈ ಆಫ್ ಮಾಡಿ, ಪೇಜ್‌ಮೇಕರಿಗೆಂದೇ ಇಟ್ಟುಕೊಳ್ಳಿ. ವಾಟ್ಸಾಪಿನಲ್ಲಿ ಬರುವ ಫೋಟೋ, ಮೇಲ್, ಜಿಎಸ್‌ಟಿಗೆ ಇನ್ನೊಂದು ಯಂತ್ರವಿರಲಿ. ನಡುವೆ ಓಡಾಡುವ ಪೆನ್‌ಡ್ರೈವ್ ಒಂದೇ ಇರಲಿ, ಹೊಸ ಯಂತ್ರದಲ್ಲಿ ತಪಾಸಣೆ ಆಗದೆ ಹಳೆಯದಕ್ಕೆ ಚುಚ್ಚದಿರಲಿ. ಜಾಲದಿಂದ ಕಳಚಿದ ವಿಂಡೋಸ್ 7 ಕೂಡ ಇನ್ನೂ ವರ್ಷಗಟ್ಟಲೆ ಆಮಂತ್ರಣ ಪತ್ರಿಕೆ ಮಾಡಬಲ್ಲದು.

ಅಕೌಂಟೆಂಟರು ಎರಡು ವಿಷಯ ವಿಚಾರಿಸಿಕೊಂಡರೆ ಸಾಕು. ಟ್ಯಾಲಿಯ ನಿಮ್ಮ ಆವೃತ್ತಿ ಹನ್ನೊಂದರಲ್ಲಿ ನಡೆಯುತ್ತದೆಯೇ. ಡಿಜಿಟಲ್ ಸಹಿಯ ಟೋಕನ್ನಿಗೆ ಹೊಸ ಡ್ರೈವರ್ ಕೊಟ್ಟವರಲ್ಲಿ ಸಿಗುತ್ತದೆಯೇ. ರಿಟರ್ನ್ ಸಲ್ಲಿಸುವ ಕೊನೆಯ ವಾರದಲ್ಲಿ ಮಾತ್ರ ಈ ಸಾಹಸ ಬೇಡ.

ಸ್ವಲ್ಪ ಕಾಲ ಕೊಳ್ಳುವ ದಾರಿ

ಹತ್ತರಲ್ಲೇ ಇದ್ದು ತೇಪೆ ಪಡೆಯುವ ದಾರಿಯೊಂದನ್ನು ಮೈಕ್ರೋಸಾಫ್ಟ್ ತೆರೆದಿಟ್ಟಿತು. ವಿಸ್ತೃತ ಭದ್ರತಾ ಅಪ್‌ಡೇಟ್, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ. 30 ಡಾಲರ್ ಕೊಡಬಹುದು. ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಅಂಕ ಕೊಡಬಹುದು. ಅಥವಾ ವಿಂಡೋಸ್ ಬ್ಯಾಕಪ್ ಮೂಲಕ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದರೆ ದುಡ್ಡೇ ಬೇಡ. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನೋಂದಣಿಯ ಕೊಂಡಿ ಕಾಣುತ್ತದೆ. ಶಾಲೆಗಳಿಗೆ ಬೇರೆಯೇ ದರ, ಮೊದಲ ವರ್ಷಕ್ಕೆ ಯಂತ್ರಕ್ಕೊಂದು ಡಾಲರ್. ಹೊಸ ಕಂಪ್ಯೂಟರ್ ಹೇಗೂ ಕೊಳ್ಳಲಿರುವವರು ಈ ಅವಧಿಯನ್ನು ಬಳಸಿಕೊಳ್ಳುವುದು ಜಾಣತನ. ಇದು ಶಾಶ್ವತ ಎಂದುಕೊಂಡು ಕೂರುವವರಿಗೆ ಮಾತ್ರ ಅಕ್ಟೋಬರ್ ಪುನಃ ಬರುತ್ತದೆ.

ಎಂಟನೆಯ ತಲೆಮಾರಿಗಿಂತ ಹಳೆಯ, ಆದರೆ ಗಟ್ಟಿಮುಟ್ಟಾದ ಯಂತ್ರವಿದ್ದರೆ? ಲಿನಕ್ಸ್. ಉಬುಂಟು 24.04 ಮತ್ತು ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22 ಎರಡಕ್ಕೂ 2029ರವರೆಗೆ ತೇಪೆ ಬರುತ್ತದೆ, ಎರಡೂ ಉಚಿತ. ಇದು ಎಂಜಿನಿಯರುಗಳ ಆಟಿಕೆ ಎಂದುಕೊಂಡವರು ಗಡಿಯಾಚೆ ನೋಡಿ: ಮಂಜೇಶ್ವರ, ಕುಂಬಳೆಯ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಕೈಟ್ ಸಂಸ್ಥೆ ಉಬುಂಟುವಿನಿಂದ ರೂಪಿಸಿದ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಕಲಿಯುತ್ತಾರೆ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕೆ.ಪಿ. ರಾವ್ ವಿನ್ಯಾಸ, 'ಕಗಪ' ಎಂಬ ಹೆಸರಿನಲ್ಲಿ, ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ವಿಂಡೋಸ್ ಇಷ್ಟು ವರ್ಷ ಮಾಡದ ಕೆಲಸ.

ಮೇಷ್ಟ್ರ ಮನೆಗೆ ಇದು ಹೇಳಿ ಮಾಡಿಸಿದ್ದು. ಟ್ಯಾಲಿ, ಪೇಜ್‌ಮೇಕರ್ ಇರುವವರಿಗೆ ಅಲ್ಲ. ನಮ್ಮ ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಲಿನಕ್ಸಿನಲ್ಲಿ ತಲೆಬಿಸಿ ಮಾಡುವುದಕ್ಕೆ ಹೆಸರುವಾಸಿ. ಅದಕ್ಕೇ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ. ಡಿಸ್ಕನ್ನು ಮುಟ್ಟದೆ ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಎಲ್ಲ ಪರೀಕ್ಷಿಸಬಹುದು, ಸರಿಬರದಿದ್ದರೆ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು.

ಯಾವಾಗ, ಹೇಗೆ

ಮೈಕ್ರೋಸಾಫ್ಟ್‌ನ ಎರಡೂ ಗಡುವು ಅಕ್ಟೋಬರ್ ನಡುವಿಗೆ ಬಿದ್ದಿವೆ. ಕರಾವಳಿಯಲ್ಲಿ ಅದು ಹಿಂಗಾರಿನ ಗುಡುಗು ಮಿಂಚಿನ ಕಾಲ, ಸಂಜೆಯಾದರೆ ಪ್ಲಗ್ ಕೀಳುವ ದಿನಗಳು. ಅಪ್‌ಗ್ರೇಡ್ ಅರ್ಧದಲ್ಲಿ ಕರೆಂಟ್ ಹೋದರೆ ಯಂತ್ರ ಎದ್ದೇಳದೆ ಉಳಿಯಬಹುದು. ಮನೆಯವರಿಗೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಪ್ರೆಸ್ಸಿನವರಿಗೆ ಅದೇ ತಿಂಗಳುಗಳಲ್ಲಿ ಮದುವೆ, ಮೇಳದ ತಿರುಗಾಟ, ಜಾತ್ರೆ, ತಲೆಯೆತ್ತಲು ಆಗದು. ಅವರು ಮೀನುಗಾರಿಕೆ ನಿಷೇಧದಲ್ಲಿ ದೋಣಿ ದಡಕ್ಕೆಳೆದು ರಿಪೇರಿ ಮಾಡುವವರ ಹಾಗೆ ತಮ್ಮ ಇನ್ನೊಂದು ಯಂತ್ರಕ್ಕೆ ಆಸಾಡಿಯಲ್ಲಿ ಕೈಹಾಕುವುದು ಮೇಲು. ಆಗ ಸಿಡಿಲು ಕಡಿಮೆ, ಆದರೆ ಮರ ಬಿದ್ದು ಕರೆಂಟ್ ಹೋಗುವುದು ಹೆಚ್ಚು. ಇನ್ವರ್ಟರ್ ಇಲ್ಲದೆ ಬೇಡ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಿಸಿ, ಚಾರ್ಜರ್ ಚುಚ್ಚಿಟ್ಟೇ ಶುರುಮಾಡಿ. ಇಳಿಸಿಕೊಳ್ಳಬೇಕಾದ ಕಡತ 5 ಜಿಬಿಗಿಂತ ದೊಡ್ಡದು. ಮೊಬೈಲ್ ಹಾಟ್‌ಸ್ಪಾಟಿನ ದಿನದ ಡೇಟಾ ಸಾಲದು.

ಅಪ್‌ಗ್ರೇಡ್ ಬೇರೆ, ಫಾರ್ಮ್ಯಾಟ್ ಬೇರೆ. ಮೊದಲನೆಯದರಲ್ಲಿ ಕಡತ, ಪ್ರೋಗ್ರಾಮು, ಫಾಂಟ್ ಎಲ್ಲ ಉಳಿಯುತ್ತವೆ. ಎರಡನೆಯದರಲ್ಲಿ ಡಿಸ್ಕ್ ಬೋಳಾಗುತ್ತದೆ. ಅಂಗಡಿಯವರಿಗೆ ಎರಡನೆಯದು ಸುಲಭ. ಯಾವುದು ಬೇಕೆಂದು ಬಾಯಿಬಿಟ್ಟು ಹೇಳಿ, ಬಿಲ್ಲಿನ ಮೇಲೆ ಬರೆಸಿ. ಏನೇ ಇರಲಿ, ಮೊದಲು ಹೊರಗಿನ ಡಿಸ್ಕಿಗೆ ಬ್ಯಾಕಪ್. 'ಡಿ' ಡ್ರೈವಿಗೆ ಹಾಕಿದ್ದು ಬ್ಯಾಕಪ್ ಅಲ್ಲ, ಅದೂ ಸಾಮಾನ್ಯವಾಗಿ ಅದೇ ಡಿಸ್ಕ್.

ಫಾರ್ಮ್ಯಾಟ್ ಮಾಡಿ ಹನ್ನೊಂದರ 24ಎಚ್2 ಅಥವಾ ನಂತರದ ಆವೃತ್ತಿ ಹಾಕಿಸಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಸಾಮಾನ್ಯವಾಗಿ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ. ಕಳವಾದ ಲ್ಯಾಪ್‌ಟಾಪಿಗೆ ಅದು ರಕ್ಷಣೆ. ಆದರೆ ಸಿಡಿಲಿಗೋ ಉಪ್ಪಿಗೋ ಮದರ್‌ಬೋರ್ಡ್ ಹೋದಾಗ ಡಿಸ್ಕ್ ತೆಗೆದು ಬೇರೆ ಯಂತ್ರಕ್ಕೆ ಜೋಡಿಸಿ ಕಡತ ತೆಗೆಯುವುದು ನಮ್ಮಲ್ಲಿ ರೂಢಿ. ಎನ್‌ಕ್ರಿಪ್ಟ್ ಆದ ಡಿಸ್ಕ್ ಹಾಗೆ ತೆರೆಯುವುದಿಲ್ಲ, 48 ಅಂಕಿಯ ರಿಕವರಿ ಕೀಲಿ ಕೇಳುತ್ತದೆ. ಅದು ಯಾರ ಖಾತೆಯಿಂದ ಹಾಕಲಾಯಿತೋ ಅವರ ಖಾತೆಯಲ್ಲಿರುತ್ತದೆ. ಅಂಗಡಿಯ ಹುಡುಗ ತನ್ನದೇ ಮೇಲ್ ಹಾಕಿ ಸೆಟಪ್ ಮುಗಿಸಿದ್ದರೆ ನಿಮ್ಮ ಡಿಸ್ಕಿನ ಕೀಲಿ ಅವನಲ್ಲಿದೆ ಎಂದಾಯಿತು. ನಿಮ್ಮ ಖಾತೆಯಿಂದಲೇ ಹಾಕಿಸಿ, ಕೀಲಿಯನ್ನು ಕಾಗದದಲ್ಲಿ ಮುದ್ರಿಸಿ ಮನೆಪತ್ರಗಳ ಜೊತೆ ಇಡಿ.

ಹತ್ತರಿಂದ ಹನ್ನೊಂದಕ್ಕೆ ಅಪ್‌ಗ್ರೇಡ್ ಆದವರಿಗೆ ಹಿಂದಕ್ಕೆ ಮರಳಲು ಹತ್ತು ದಿನದ ಅವಕಾಶವಿದೆ. ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿ 'ಗೋ ಬ್ಯಾಕ್'. ಆ ನಂತರ ಹಳೆಯ ವಿಂಡೋಸ್ ಅಳಿದುಹೋಗುತ್ತದೆ. ಜಾಗ ಸಾಲದೆಂದು ನಡುವೆ ಡಿಸ್ಕ್ ಕ್ಲೀನಪ್ ಮಾಡಿದರೂ ಅಷ್ಟೇ. ಹಾಗಾಗಿ ಆ ಹತ್ತು ದಿನಗಳಲ್ಲಿ ವಾಲ್‌ಪೇಪರ್ ಬದಲಿಸುತ್ತ ಕೂರದೆ ಒಂದು ನುಡಿ ಕಡತ ತೆರೆಯಿರಿ, ಒಂದು ಪುಟ ಮುದ್ರಿಸಿ, ಒಂದು ಕಾಗದ ಸ್ಕ್ಯಾನ್ ಮಾಡಿ, ಟೋಕನ್ ಹಾಕಿ ಒಂದು ಸಹಿ ಮಾಡಿ, ಟ್ಯಾಲಿಯಲ್ಲಿ ಕಳೆದ ವರ್ಷದ ಲೆಕ್ಕ ತೆಗೆಯಿರಿ. ಇವುಗಳಲ್ಲಿ ಒಂದು ಮುಷ್ಕರ ಹೂಡಿ, ಅದಕ್ಕೆ ಹೊಸ ಡ್ರೈವರ್ ಒಂಬತ್ತನೆಯ ದಿನಕ್ಕೂ ಸಿಗದಿದ್ದರೆ, ಮರಳಿ ಹತ್ತಕ್ಕೆ ಹೋಗಿ ವಿಸ್ತೃತ ಅಪ್‌ಡೇಟಿಗೆ ಹೆಸರು ಬರೆಸಿ.